ಋಣ ಮತ್ತು ಆಜ್ಞೆ: ಚೀನೀ ಕುಟುಂಬಗಳಲ್ಲಿ ಪಿತೃಭಕ್ತಿಯೂ ಮನಸ್ಸಿನ ನೆಮ್ಮದಿಯೂ

ಹೆತ್ತವರಿಗೆ ಮಕ್ಕಳು ಸಲ್ಲಿಸಬೇಕಾದ ಗೌರವ, ಸೇವೆ, ವಿಧೇಯತೆ, ಕೃತಜ್ಞತೆಗಳನ್ನೆಲ್ಲ ಒಳಗೊಂಡ ನೀತಿಗೆ ಚೀನಾದಲ್ಲಿ ‘ಶಿಯಾವ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಪಿತೃಭಕ್ತಿ ಎನ್ನಬಹುದಾದರೂ ತಂದೆಯೊಬ್ಬನೇ ಅದರ ಪಾತ್ರನಲ್ಲ. ತಾಯಿ, ಅಜ್ಜ, ಅಜ್ಜಿ, ಗತಿಸಿದ ಹಿರಿಯರು, ಮುಂದೆ ಹುಟ್ಟಬೇಕಾದ ವಂಶದ ಕುಡಿ ಇವರೆಲ್ಲರೂ ಅದರ ವ್ಯಾಪ್ತಿಗೆ ಸೇರುತ್ತಾರೆ. ಅರಸುಮನೆತನಗಳು ಅಳಿದು ಗಣರಾಜ್ಯ ಬಂದು, ಗಣರಾಜ್ಯದ ನಂತರ ಕಮ್ಯುನಿಸ್ಟ್ ಆಡಳಿತ ಬಂದು, ಆ ಆಡಳಿತವೂ ಮಾರುಕಟ್ಟೆಯ ಹಾದಿಗೆ ಹೊರಳಿದ ಮೇಲೂ ಚೀನಾ, ತೈವಾನ್, ಹಾಂಗ್‌ಕಾಂಗ್, ಸಿಂಗಪುರಗಳ ಚೀನೀ ಮನೆಗಳಲ್ಲಿ ಒಬ್ಬ ವ್ಯಕ್ತಿ ಒಳ್ಳೆಯವನೋ ಅಲ್ಲವೋ ಎಂಬುದನ್ನು ಅಳೆಯುವ ಮೊದಲ ಮಾನದಂಡವಾಗಿ ಈ ನೀತಿ ಉಳಿದುಕೊಂಡಿದೆ.

ಹೀಗಿರುವಾಗ ಮನಶ್ಶಾಸ್ತ್ರಜ್ಞರು ಕೇಳಿಕೊಂಡ ಪ್ರಶ್ನೆ ಸರಳವಾದುದು: ಈ ಭಕ್ತಿ ಅದನ್ನು ಪಾಲಿಸುವವರ ಮನಸ್ಸಿಗೆ ಹಿತವನ್ನು ತರುತ್ತದೆಯೋ, ಹೊರೆಯಾಗುತ್ತದೆಯೋ? ಮೊದಮೊದಲಿಗೆ ಸಿಕ್ಕ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಹೆತ್ತವರಿಗೆ ನಿಷ್ಠರಾದವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಅಂಥವರಲ್ಲಿಯೇ ಆತಂಕ ಮತ್ತು ಮನಸ್ಸಿನ ಬಿಗಿತ ಹೆಚ್ಚೆಂದು ಇನ್ನು ಕೆಲವು ಹೇಳಿದವು. ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ಭಾವಗಳು ಬದುಕುತ್ತಿವೆ, ಒಂದು ಋಣದ ಅರಿವಿನಿಂದ ಹುಟ್ಟಿದ್ದು, ಇನ್ನೊಂದು ಆಜ್ಞೆಯ ಭಾರದಿಂದ ಹುಟ್ಟಿದ್ದು ಎಂಬ ತಿಳಿವಳಿಕೆ ಮೂಡಿದ ಮೇಲಷ್ಟೇ ಈ ಗೋಜಲು ಬಿಡಿಸಿಕೊಂಡಿತು. ಆ ಎರಡು ಭಾವಗಳ ಬೇರುಗಳನ್ನು ನೋಡಲು ಇತಿಹಾಸಕ್ಕೆ ಹಿಂದಿರುಗುವುದು ಅಗತ್ಯ.

ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಮತ್ತು ಅವನ ಶಿಷ್ಯರ ಸಂಭಾಷಣೆಗಳ ಸಂಗ್ರಹವಾದ ‘ಲುನ್ ಯು’ ಗ್ರಂಥದಲ್ಲಿ ಈ ವಿಷಯದ ಚರ್ಚೆ ಮತ್ತೆ ಮತ್ತೆ ಬರುತ್ತದೆ. ಹೆತ್ತವರಿಗೆ ಅನ್ನ ಹಾಕಿದರೆ ಸಾಕೆಂದು ತಿಳಿದವರನ್ನು ಗುರು ಅಲ್ಲಿ ಆಕ್ಷೇಪಿಸುತ್ತಾನೆ; ಸಾಕಿದ ಪ್ರಾಣಿಗಳಿಗೂ ಮನುಷ್ಯರು ಮೇವು ಹಾಕುತ್ತಾರೆ, ಆದ್ದರಿಂದ ಆದರವಿಲ್ಲದ ಪೋಷಣೆಗೆ ಬೆಲೆಯಿಲ್ಲ ಎಂಬುದು ಅವನ ವಾದ. ತಂದೆತಾಯಿ ತೀರಿಕೊಂಡಾಗ ಮೂರು ವರ್ಷ ಶೋಕಾಚರಣೆ ಮಾಡುವುದು ಅತಿಯಾಯಿತು, ಒಂದು ವರ್ಷ ಸಾಲದೇ ಎಂದು ಝಾಯ್ ವೊ ಎಂಬ ಶಿಷ್ಯ ಕೇಳಿದಾಗ, ಹುಟ್ಟಿದ ಮಗು ಮೂರು ವರ್ಷ ತುಂಬುವವರೆಗೆ ಹೆತ್ತವರ ತೋಳಿನಿಂದ ಇಳಿಯುವುದಿಲ್ಲವೆಂಬುದನ್ನು ಗುರು ನೆನಪಿಸುತ್ತಾನೆ. ಪಡೆದುದಕ್ಕೆ ಪ್ರತಿಯಾಗಿ ಕೊಡುವುದು ಎಂಬ ಈ ತರ್ಕದಲ್ಲಿ ದಂಡನೆಯ ಭಯವಿಲ್ಲ, ವಾತ್ಸಲ್ಯದ ನೆನಪಿದೆ. ಹಿರಿಯರು ತಪ್ಪು ದಾರಿ ಹಿಡಿದಾಗ ಮೃದುವಾಗಿ ತಿಳಿಹೇಳಬೇಕೆಂಬ ಮಾತೂ ಅದೇ ಗ್ರಂಥದಲ್ಲಿದೆ. ಮುಂದೆ ರಚಿತವಾದ, ಹದಿನೆಂಟು ಅಧ್ಯಾಯಗಳ ‘ಶಿಯಾವ್ ಜಿಂಗ್’ ಎಂಬ ಪಿತೃಭಕ್ತಿಯ ಶಾಸ್ತ್ರಗ್ರಂಥವೂ ತಂದೆ ಅಧರ್ಮಕ್ಕೆ ಇಳಿದಾಗ ಮಗ ಎದುರಾಡಲೇಬೇಕು, ಕಣ್ಣುಮುಚ್ಚಿ ಆಜ್ಞೆ ಪಾಲಿಸುವುದು ಭಕ್ತಿಯಾಗದು ಎಂದು ಪ್ರತ್ಯೇಕ ಅಧ್ಯಾಯವೊಂದರಲ್ಲಿ ವಿಧಿಸಿದೆ. ಇಂದಿನ ಚರ್ಚೆಗಳಲ್ಲಿ ಈ ಭಾಗ ಬಹುಮಟ್ಟಿಗೆ ಮರೆತುಹೋಗಿರುವುದು ವಿಷಾದದ ಸಂಗತಿ.

ಈ ನೀತಿಯನ್ನು ಆಜ್ಞೆಯ ಕಡೆಗೆ ತಿರುಗಿಸಿದ್ದು ರಾಜ್ಯಶಕ್ತಿ. ಹಾನ್ ವಂಶದ ಸಾಮ್ರಾಟ ವೂ ಕ್ರಿ.ಪೂ. 134ರಲ್ಲಿ, ಪಿತೃಭಕ್ತರೂ ಪ್ರಾಮಾಣಿಕರೂ ಆದವರನ್ನು ಸರ್ಕಾರಿ ಹುದ್ದೆಗಳಿಗೆ ಶಿಫಾರಸು ಮಾಡುವಂತೆ ಪ್ರಾಂತ್ಯಗಳಿಗೆ ಆದೇಶಿಸಿದ ಮೇಲೆ ಮನೆಯೊಳಗಿನ ನಡವಳಿಕೆ ಅಧಿಕಾರದ ಮೆಟ್ಟಿಲಾಯಿತು. ಅದೇ ಯುಗದಲ್ಲಿ ರೂಪುಗೊಂಡ ‘ಮೂರು ಬಂಧ’ಗಳ ಸಿದ್ಧಾಂತವು ಪ್ರಜೆಗೆ ಅರಸನನ್ನೂ, ಮಗನಿಗೆ ತಂದೆಯನ್ನೂ, ಹೆಂಡತಿಗೆ ಗಂಡನನ್ನೂ ಒಡೆಯರನ್ನಾಗಿ ನಿಲ್ಲಿಸಿ, ಮೂರೂ ವಿಧೇಯತೆಗಳನ್ನು ಒಂದೇ ಎಳೆಯಲ್ಲಿ ಹೆಣೆಯಿತು. ತಂದೆಗೆ ತಲೆಬಾಗಿದವನು ಅರಸನಿಗೂ ತಲೆಬಾಗುತ್ತಾನೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಕ್ರಿ.ಶ. 653ರ ಟಾಂಗ್ ವಂಶದ ದಂಡಸಂಹಿತೆಯು ಕ್ಷಮೆಗೆ ಅರ್ಹವಲ್ಲದ ಹತ್ತು ಮಹಾಪಾತಕಗಳ ಪಟ್ಟಿಯಲ್ಲಿ ಹೆತ್ತವರನ್ನು ಶಪಿಸುವುದನ್ನೂ, ಅವರು ಬದುಕಿರುವಾಗಲೇ ಮನೆ ಒಡೆದು ಆಸ್ತಿ ಬೇರೆ ಮಾಡಿಕೊಳ್ಳುವುದನ್ನೂ ಸೇರಿಸಿತು. ತಂದೆ ಅಥವಾ ತಾಯಿ ತೀರಿಕೊಂಡ ಅಧಿಕಾರಿ 27 ತಿಂಗಳ ಕಾಲ ಹುದ್ದೆಯಿಂದ ದೂರವಿದ್ದು ಶೋಕ ಆಚರಿಸಬೇಕಾಗಿದ್ದ ಪದ್ಧತಿ ಸಾಮ್ರಾಜ್ಯದ ಕೊನೆಯವರೆಗೂ ಜಾರಿಯಲ್ಲಿತ್ತು.

ಭಾರತದಿಂದ ಹೋದ ಬೌದ್ಧಧರ್ಮವೂ ಈ ಒತ್ತಡದಿಂದ ಹೊರಗುಳಿಯಲಿಲ್ಲ. ತಲೆ ಬೋಳಿಸಿಕೊಂಡು, ಮದುವೆಯಾಗದೆ, ವಂಶವನ್ನು ನಿಲ್ಲಿಸುವ ಭಿಕ್ಷುವನ್ನು ಚೀನೀ ವಿದ್ವಾಂಸರು ಹೆತ್ತವರ ದ್ರೋಹಿಯೆಂದು ಹಳಿದಾಗ, ಬುದ್ಧನ ಶಿಷ್ಯ ಮೌದ್ಗಲ್ಯಾಯನನು ನರಕಯಾತನೆಯಿಂದ ತನ್ನ ತಾಯಿಯನ್ನು ಬಿಡಿಸಿದ ಕಥೆಯನ್ನು ಬೌದ್ಧರು ಮುಂದಿಟ್ಟರು. ಅಲ್ಲಿ ಮೂಲಿಯನ್ ಎಂಬ ಹೆಸರು ಪಡೆದ ಆ ಭಿಕ್ಷುವಿನ ಕಥೆ ಏಳನೆಯ ಚಾಂದ್ರಮಾಸದ ಹುಣ್ಣಿಮೆಯ ಪಿತೃಹಬ್ಬಕ್ಕೆ ಆಧಾರವಾಯಿತು. ಆದರೆ ಜನಮನದಲ್ಲಿ ಎಲ್ಲಕ್ಕಿಂತ ಆಳವಾಗಿ ಇಳಿದದ್ದು ಯುವಾನ್ ವಂಶದ ಕಾಲದಲ್ಲಿ ಗುವೊ ಜುಜಿಂಗ್ ಸಂಕಲಿಸಿದನೆನ್ನಲಾದ ಇಪ್ಪತ್ತನಾಲ್ಕು ಆದರ್ಶ ಪುತ್ರರ ಕಥೆಗಳು. ತಾಯಿಗೆ ಮೀನು ಬೇಕೆಂದು ಹೆಪ್ಪುಗಟ್ಟಿದ ನದಿಯ ಮೇಲೆ ಬರಿಮೈಯಲ್ಲಿ ಮಲಗಿದ ಮಗ, ಹೆತ್ತವರನ್ನು ಸೊಳ್ಳೆ ಕಚ್ಚದಿರಲೆಂದು ತನ್ನ ಮೈಯನ್ನೇ ಒಡ್ಡಿದ ಬಾಲಕ, ಬಡತನದಲ್ಲಿ ತಾಯಿಯ ಪಾಲಿನ ಅನ್ನ ಕಡಿಮೆಯಾಗದಿರಲೆಂದು ತನ್ನ ಮೂರು ವರ್ಷದ ಮಗುವನ್ನೇ ಹೂಳಲು ಗುಂಡಿ ತೋಡಿ ಅಲ್ಲಿ ಬಂಗಾರ ಪಡೆದ ಗುವೊ ಜು ಇವರೆಲ್ಲ ಆ ಕಥೆಗಳಲ್ಲಿ ಬರುತ್ತಾರೆ.

ಆಧುನಿಕ ಚೀನೀ ಸಾಹಿತ್ಯದ ಹಿರಿಯ ಲೇಖಕ ಲು ಷುನ್ 1926ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಕಥೆಗಳ ಚಿತ್ರಪುಸ್ತಕ ಬಾಲ್ಯದಲ್ಲಿ ತನ್ನ ಮೇಲೆ ಮಾಡಿದ ಪರಿಣಾಮವನ್ನು ದಾಖಲಿಸಿದ್ದಾನೆ. ಗುವೊ ಜುವಿನ ಕಥೆ ಓದಿದ ಹುಡುಗ, ತನ್ನ ತಂದೆಯೂ ಅಂಥ ಆದರ್ಶ ಪುತ್ರನಾಗಲು ಹೊರಟರೆ ಗುಂಡಿಗೆ ಹೋಗುವವನು ತಾನೇ ಎಂದು ಹೆದರಿ, ಮನೆಯಲ್ಲಿದ್ದ ಅಜ್ಜಿಯನ್ನು ಕಂಡರೂ ಅಳುಕುವಂತಾಯಿತು. ನೀತಿಯನ್ನು ಭಯದ ಮೂಲಕ ಬೋಧಿಸಿದಾಗ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. 1919ರ ಮೇ ನಾಲ್ಕರ ಚಳವಳಿಯ ಸುತ್ತಮುತ್ತಲಿನ ಲೇಖಕರು ಪಿತೃಭಕ್ತಿಯನ್ನು ದೇಶದ ಹಿಂದುಳಿದಿರುವಿಕೆಗೇ ಕಾರಣವೆಂದು ದೂರಿದರು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮಕ್ಕಳೇ ತಂದೆತಾಯಿಯ ವಿರುದ್ಧ ಸಾರ್ವಜನಿಕವಾಗಿ ಆರೋಪ ಹೊರಿಸಿದ ಪ್ರಸಂಗಗಳೂ ನಡೆದವು. ಇಷ್ಟಾದರೂ ಸಮಾಜಶಾಸ್ತ್ರಜ್ಞ ಮಾರ್ಟಿನ್ ವೈಟ್ ಮತ್ತು ಸಂಗಡಿಗರು 1994ರಲ್ಲಿ ಹೆಬೇ ಪ್ರಾಂತ್ಯದ ಬಾವೊಡಿಂಗ್ ನಗರದಲ್ಲಿ ಹಿರಿಯರನ್ನೂ ಅವರ ವಯಸ್ಕ ಮಕ್ಕಳನ್ನೂ ಸಮೀಕ್ಷಿಸಿದಾಗ, ಹೆತ್ತವರ ಬಗೆಗಿನ ಕರ್ತವ್ಯಪ್ರಜ್ಞೆ ಎರಡೂ ತಲೆಮಾರುಗಳಲ್ಲಿ ಗಟ್ಟಿಯಾಗಿಯೇ ಇದ್ದುದು ಕಂಡುಬಂದಿತು. ಕ್ರಾಂತಿಗಳು ಬುಡಮೇಲು ಮಾಡಿದ್ದು ತಂದೆಯ ಅಧಿಕಾರವನ್ನು. ಮಕ್ಕಳ ಮಮತೆ ಹಾಗೆಯೇ ಉಳಿದಿತ್ತು.

ಮನಶ್ಶಾಸ್ತ್ರದ ಕ್ಷೇತ್ರದಲ್ಲಿ ಈ ವಿಷಯದ ವ್ಯವಸ್ಥಿತ ಅಧ್ಯಯನ ಬೆಳೆದದ್ದು ಮುಖ್ಯವಾಗಿ ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಲ್ಲಿ. ಹಾಂಗ್‌ಕಾಂಗ್‌ನ ಡೇವಿಡ್ ಹೋ ತಮ್ಮ ಸಂಶೋಧನೆಗಳ ಆಧಾರದ ಮೇಲೆ, ಪಿತೃಭಕ್ತಿಯ ಸಾಂಪ್ರದಾಯಿಕ ಧೋರಣೆಯನ್ನು ಹೊಂದಿದ ಪೋಷಕರು ಮಕ್ಕಳನ್ನು ಅತಿಯಾಗಿ ಹತೋಟಿಯಲ್ಲಿಡುತ್ತಾರೆ, ಅವರ ಸ್ವತಂತ್ರ ಅಭಿವ್ಯಕ್ತಿಯನ್ನು ತಡೆಯುತ್ತಾರೆ, ಇದರಿಂದ ಆಲೋಚನೆಯಲ್ಲಿ ಬಿಗಿತ ಬೆಳೆಯುತ್ತದೆ ಎಂಬ ನಿಲುವಿಗೆ ಬಂದರು. ತೈವಾನ್‌ನಲ್ಲಿ ಯಾಂಗ್ ಕುವೊ-ಶು ಪಾಶ್ಚಾತ್ಯ ಪ್ರಶ್ನಾವಳಿಗಳನ್ನು ಹಾಗೆಯೇ ಅನುವಾದಿಸಿ ಬಳಸುವುದನ್ನು ಬಿಟ್ಟು, ಚೀನೀ ಜನರ ಬದುಕಿನಿಂದಲೇ ಪರಿಕಲ್ಪನೆಗಳನ್ನು ಕಟ್ಟಬೇಕೆಂದು ದೇಶೀಯ ಮನಶ್ಶಾಸ್ತ್ರ ಎಂಬ ಪಂಥವನ್ನು ಬೆಳೆಸಿದರು. ಅವರ ಪ್ರಭಾವದಲ್ಲಿ ರೂಪುಗೊಂಡ ಸಂಶೋಧಕ ಕುವಾಂಗ್-ಹುಯಿ ಯೆ, ಓಲ್ವೆನ್ ಬೆಡ್‌ಫರ್ಡ್ ಅವರೊಡನೆ ಸೇರಿ 2003ರಲ್ಲಿ ಪ್ರಕಟಿಸಿದ ‘ದ್ವಿಮುಖ ಪಿತೃಭಕ್ತಿ ಮಾದರಿ’ ಈ ಕ್ಷೇತ್ರದ ತಿರುವಾಗಿ ಪರಿಣಮಿಸಿತು.

ಈ ಮಾದರಿಯ ಪ್ರಕಾರ ಪಿತೃಭಕ್ತಿಗೆ ಎರಡು ಮುಖಗಳಿವೆ. ಮೊದಲನೆಯದು ‘ಪರಸ್ಪರ ಭಕ್ತಿ’. ತನ್ನನ್ನು ಸಾಕಿ ಸಲಹಿದವರ ಬಗ್ಗೆ ಸಹಜವಾಗಿ ಮೂಡುವ ಕೃತಜ್ಞತೆ, ಅವರ ಆರೋಗ್ಯದ ಕಾಳಜಿ, ಅವರ ಮುಪ್ಪು ಹಗುರವಾಗಲೆಂದು ಹಣದಿಂದಲೂ ಮೈಯಿಂದಲೂ ನೆರವಾಗುವ ಮನಸ್ಸು, ಅವರು ಕಣ್ಮುಚ್ಚಿದರೆ ಎಷ್ಟೇ ದೂರದಲ್ಲಿದ್ದರೂ ಓಡೋಡಿ ಬರುವ ತುಡಿತ ಇವೆಲ್ಲ ಅದರ ಲಕ್ಷಣಗಳು. ಎರಡನೆಯದು ‘ಅಧಿಕಾರಮೂಲ ಭಕ್ತಿ’. ಹೆತ್ತವರ ಸ್ಥಾನ ಮೇಲಿನದು, ಮಕ್ಕಳದು ಕೆಳಗಿನದು ಎಂಬ ಶ್ರೇಣಿಯನ್ನು ಒಪ್ಪಿಕೊಂಡು, ತನ್ನ ಇಷ್ಟವನ್ನು ಬದಿಗೊತ್ತಿ ಅವರ ಇಷ್ಟವನ್ನು ನಡೆಸುವುದು, ಒಪ್ಪಿಗೆಯಿಲ್ಲದಿದ್ದರೂ ಅವರ ಮಾತಿನಂತೆ ನಡೆಯುವುದು, ವಂಶ ಮುಂದುವರಿಸಲು ಒಂದಾದರೂ ಗಂಡುಮಗುವನ್ನು ಪಡೆಯುವುದು, ಮನೆತನದ ಹೆಸರನ್ನು ಕಾಪಾಡುವುದು ಇದರಲ್ಲಿ ಸೇರುತ್ತವೆ. ಇವೆರಡೂ ಒಂದೇ ಅಳತೆಗೋಲಿನ ಎರಡು ತುದಿಗಳಲ್ಲ ಎಂಬುದು ಇಲ್ಲಿಯ ಮುಖ್ಯ ಅಂಶ. ಒಬ್ಬ ವ್ಯಕ್ತಿಯಲ್ಲಿ ಎರಡೂ ಬಲವಾಗಿರಬಹುದು, ಎರಡೂ ದುರ್ಬಲವಾಗಿರಬಹುದು, ಒಂದು ಮಾತ್ರ ಪ್ರಬಲವಾಗಿರಬಹುದು. ಆದ್ದರಿಂದಲೇ ಎರಡನ್ನೂ ಕೂಡಿಸಿ ಒಂದೇ ಅಂಕದಲ್ಲಿ ಅಳೆದ ಹಳೆಯ ಅಧ್ಯಯನಗಳಿಗೆ ಪರಸ್ಪರ ವಿರುದ್ಧವಾದ ಉತ್ತರಗಳು ಸಿಕ್ಕಿದ್ದವು.

ಬೇರ್ಪಡಿಸಿ ಅಳೆದಾಗ ಚಿತ್ರ ತಿಳಿಯಾಯಿತು. ಪರಸ್ಪರ ಭಕ್ತಿ ಹೆಚ್ಚಿರುವವರಲ್ಲಿ ಬದುಕಿನ ತೃಪ್ತಿ ಮತ್ತು ಆತ್ಮಗೌರವ ಹೆಚ್ಚಾಗಿಯೂ, ಖಿನ್ನತೆಯ ಲಕ್ಷಣಗಳು ಮತ್ತು ಹೆತ್ತವರೊಡನೆ ಜಗಳಗಳು ಕಡಿಮೆಯಾಗಿಯೂ ಇರುವುದು ತೈವಾನ್, ಹಾಂಗ್‌ಕಾಂಗ್ ಹಾಗೂ ಚೀನಾದ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಧಿಕಾರಮೂಲ ಭಕ್ತಿಯು ಅನೇಕ ಸಂದರ್ಭಗಳಲ್ಲಿ ಆತಂಕ ಮತ್ತು ಖಿನ್ನತೆಗಳ ಜೊತೆಗೆ ಕಾಣಿಸಿಕೊಳ್ಳುತ್ತದೆಯಾದರೂ ಅದರ ಫಲಿತಾಂಶಗಳು ಅಷ್ಟು ಏಕರೂಪವಾಗಿಲ್ಲ. ಮಮತೆಯ ಅಡಿಪಾಯ ಗಟ್ಟಿಯಾಗಿರುವ ಮನೆಯಲ್ಲಿ ವಿಧೇಯತೆ ಅಷ್ಟಾಗಿ ನೋಯಿಸುವುದಿಲ್ಲ, ಆ ಅಡಿಪಾಯವಿಲ್ಲದ ಮನೆಯಲ್ಲಿ ಅದೇ ವಿಧೇಯತೆ ಉಸಿರುಗಟ್ಟಿಸುತ್ತದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಮೂರೂ ಪ್ರದೇಶಗಳ ಜನರು ಪರಸ್ಪರ ಭಕ್ತಿಯನ್ನು ಅಧಿಕಾರಮೂಲ ಭಕ್ತಿಗಿಂತ ಹೆಚ್ಚಾಗಿ ಎತ್ತಿಹಿಡಿಯುತ್ತಾರೆ ಎಂಬುದೂ ತೌಲನಿಕ ಸಮೀಕ್ಷೆಗಳಿಂದ ತಿಳಿದುಬಂದಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಇಂಥ ಅಧ್ಯಯನಗಳಲ್ಲಿ ಬಹುಪಾಲು ಪ್ರಶ್ನಾವಳಿಗಳನ್ನು ನೆಚ್ಚಿಕೊಂಡು ಎರಡು ಸಂಗತಿಗಳು ಜೊತೆಜೊತೆಗೆ ಇರುವುದನ್ನು ಮಾತ್ರ ತೋರಿಸುತ್ತವೆ. ನೆಮ್ಮದಿಯಾಗಿ ಬೆಳೆದ ಮಗುವಿಗೆ ಹೆತ್ತವರ ಮೇಲೆ ಕೃತಜ್ಞತೆ ಸುಲಭವಾಗಿ ಮೂಡುತ್ತದೆ, ಅದೇ ಕೃತಜ್ಞತೆ ಮುಂದೆ ನೆಮ್ಮದಿಯನ್ನು ಕಾಯುತ್ತದೆ; ಕಾರಣ ಯಾವುದು, ಪರಿಣಾಮ ಯಾವುದು ಎಂದು ಗೆರೆ ಎಳೆಯುವುದು ಸುಲಭವಲ್ಲ.

ಈ ವ್ಯತ್ಯಾಸದ ಒಳಗಿನ ಕಾರಣವನ್ನು ವಿವರಿಸಲು ಸಂಶೋಧಕರು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ರೂಪಿಸಿದ ಸ್ವಯಂನಿರ್ಧಾರ ಸಿದ್ಧಾಂತವನ್ನು ಆಶ್ರಯಿಸುವುದುಂಟು. ತನ್ನ ಕ್ರಿಯೆ ತನ್ನದೇ ಇಚ್ಛೆಯಿಂದ ಹುಟ್ಟಿದೆ ಎಂಬ ಭಾವ, ತಾನು ಸಮರ್ಥ ಎಂಬ ಭಾವ, ತನ್ನವರೊಡನೆ ಬೆಸೆದುಕೊಂಡಿದ್ದೇನೆ ಎಂಬ ಭಾವ, ಈ ಮೂರು ಮನುಷ್ಯನ ಮನಸ್ಸಿನ ಮೂಲ ಹಸಿವುಗಳು ಎಂದು ಆ ಸಿದ್ಧಾಂತ ಹೇಳುತ್ತದೆ. ಕಾಯಿಲೆಯಾದ ತಾಯಿಯ ಹಾಸಿಗೆಯ ಪಕ್ಕದಲ್ಲಿ ಮನಸಾರೆ ಕೂತ ಮಗಳಿಗೆ ಮೂರೂ ಒಮ್ಮೆಗೇ ದೊರೆಯುತ್ತವೆ. ಊರಿನವರ ಬಾಯಿಗೆ ಹೆದರಿ ಕೂತ ಮಗಳಿಗೆ ಅದೇ ಕೆಲಸ, ಅದೇ ಹೊತ್ತು, ಅದೇ ದಣಿವು ಮಾತ್ರ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಇಬ್ಬರೂ ಒಂದೇ ಬಗೆಯ ಭಕ್ತರು.

ಹಾಗೆಂದು ಚೀನೀ ಮನೆಗಳ ಕಟ್ಟುನಿಟ್ಟನ್ನೆಲ್ಲ ದಬ್ಬಾಳಿಕೆಯೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಮನಶ್ಶಾಸ್ತ್ರಜ್ಞೆ ರೂತ್ ಚಾವೊ 1994ರ ಪ್ರಬಂಧದಲ್ಲಿ ತೋರಿಸಿದಂತೆ, ಚೀನೀ ತಾಯಂದಿರ ನಿಯಂತ್ರಣಕ್ಕೆ ‘ಗುವಾನ್’ ಎಂಬ ಹೆಸರಿದ್ದು, ಅದರಲ್ಲಿ ಹತೋಟಿಯ ಜೊತೆಗೆ ಆರೈಕೆ, ತಿದ್ದುವಿಕೆ, ಸದಾ ಪಕ್ಕದಲ್ಲಿರುವ ಕಾಳಜಿ ಇವೂ ಅಡಗಿವೆ. ಪಾಶ್ಚಾತ್ಯ ಅಳತೆಯಲ್ಲಿ ನಿರಂಕುಶವೆನಿಸುವ ಶಿಸ್ತನ್ನು ಅಲ್ಲಿನ ಮಕ್ಕಳು ಹಲವು ಸಲ ಪ್ರೀತಿಯ ರೂಪವೆಂದೇ ಗ್ರಹಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಚೀನೀ ಮತ್ತಿತರ ಮೂಲದ ಹದಿಹರೆಯದವರನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಫುಲಿಗ್ನಿ ಮತ್ತು ಸಂಗಡಿಗರು, ಮನೆಗೆಲಸ, ತಮ್ಮತಂಗಿಯರ ಆರೈಕೆ ಮುಂತಾದ ನೆರವು ಮಕ್ಕಳಿಗೆ ಬರಿಯ ಹೊರೆಯಾಗಿರದೆ, ಒಳ್ಳೆಯ ಮಗ, ಒಳ್ಳೆಯ ಮಗಳು ಎಂಬ ಭಾವದ ಮೂಲಕ ಸಂತೋಷಕ್ಕೂ ಕಾರಣವಾಗುವುದನ್ನು ಗುರುತಿಸಿದ್ದಾರೆ. ಅದೇ ತಂಡದ 1999ರ ಅಧ್ಯಯನದಲ್ಲಿ ಕುಟುಂಬದ ಕರ್ತವ್ಯವನ್ನು ಅತಿ ಹೆಚ್ಚಾಗಿ ಹೊತ್ತುಕೊಂಡ ವಿದ್ಯಾರ್ಥಿಗಳ ಅಂಕಗಳು ಮಧ್ಯಮ ಪ್ರಮಾಣದಲ್ಲಿ ಹೊತ್ತವರಿಗಿಂತ ಕಡಿಮೆಯಿದ್ದುದೂ ಗಮನಾರ್ಹ. ಹೊಣೆ ಹಿತಕರವಾಗುವುದಕ್ಕೂ ಒಂದು ಮಿತಿಯಿದೆ.

ಮಿತಿ ಮೀರುವುದು ಹೆಚ್ಚಾಗಿ ಎರಡು ಘಟ್ಟಗಳಲ್ಲಿ: ವಿದ್ಯಾಭ್ಯಾಸ ಮತ್ತು ಮದುವೆ. ಲೋಕದಲ್ಲಿ ಹೆಸರು ಗಳಿಸಿ ಹೆತ್ತವರಿಗೆ ಕೀರ್ತಿ ತರುವುದೇ ಭಕ್ತಿಯ ಪೂರ್ಣತೆ ಎಂಬ ಪ್ರಾಚೀನ ಬೋಧೆ ಇಂದು ‘ಗಾವೊಕಾವೊ’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ರೂಪದಲ್ಲಿ ಮಕ್ಕಳ ಮುಂದೆ ನಿಂತಿದೆ. ಕಡಿಮೆ ಅಂಕ ತೆಗೆದ ಹುಡುಗನಿಗೆ ಸೋಲಿನ ನೋವಿನ ಜೊತೆಗೆ ಹೆತ್ತವರಿಗೆ ಬಗೆದ ಅಪಚಾರದ ತಪ್ಪಿತಸ್ಥ ಭಾವವೂ ಅಂಟಿಕೊಳ್ಳುತ್ತದೆ. ಮದುವೆಯ ವಿಷಯದಲ್ಲಿ ಸಂತಾನವಿಲ್ಲದಿರುವುದೇ ಎಲ್ಲಕ್ಕಿಂತ ದೊಡ್ಡ ಲೋಪವೆಂಬ, ಕನ್‌ಫ್ಯೂಷಿಯಸ್ ಪಂಥದ ಪ್ರಾಚೀನ ಚಿಂತಕ ಮೆನ್ಸಿಯಸ್‌ನ ಹೆಸರಿನಲ್ಲಿ ಪ್ರಚಲಿತವಾದ ನಂಬಿಕೆ ಇನ್ನೂ ಬಲವಾಗಿದೆ. ವಸಂತ ಹಬ್ಬಕ್ಕೆ ಊರಿಗೆ ಬರುವ ಅವಿವಾಹಿತ ಮಕ್ಕಳನ್ನು ಮದುವೆಗೆ ಒತ್ತಾಯಿಸುವ ರೂಢಿಗೆ ಚೀನೀ ಭಾಷೆಯಲ್ಲಿ ಪ್ರತ್ಯೇಕ ಹೆಸರೇ ಹುಟ್ಟಿದೆ. ಒತ್ತಾಯ ತಪ್ಪಿಸಿಕೊಳ್ಳಲು ಹಣ ಕೊಟ್ಟು ಗೆಳೆಯನನ್ನೋ ಗೆಳತಿಯನ್ನೋ ಬಾಡಿಗೆಗೆ ಕರೆತರುವವರೂ ಇದ್ದಾರೆ. ಸಲಿಂಗ ಪ್ರೇಮವನ್ನು ಚೀನಾದ ಮನೋವೈದ್ಯರು 2001ರಲ್ಲಿಯೇ ರೋಗಗಳ ಪಟ್ಟಿಯಿಂದ ಕೈಬಿಟ್ಟರೂ, ಹೆತ್ತವರ ಸಮಾಧಾನಕ್ಕಾಗಿ ಸಲಿಂಗ ಪ್ರೇಮಿ ಗಂಡು ಮತ್ತು ಹೆಣ್ಣು ಒಪ್ಪಂದದ ಮೇಲೆ ಮದುವೆಯಾಗಿ ಬದುಕನ್ನೇ ನಟಿಸುವ ಪರಿಸ್ಥಿತಿ ಕೊನೆಗೊಂಡಿಲ್ಲ. ಒಳಗಿನ ಬದುಕು ಮತ್ತು ಹೊರಗಿನ ಬದುಕು ಹೀಗೆ ಸೀಳಿಕೊಂಡಾಗ ಮನಸ್ಸಿಗೆ ಆಗುವ ಹಾನಿ ಅಲ್ಪವಲ್ಲ.

ಇನ್ನೊಂದು ಸೂಕ್ಷ್ಮವಾದ ಪದ್ಧತಿಯಿದೆ. ಮನೆಯವರಿಗೆ ಒಳ್ಳೆಯ ಸುದ್ದಿಯನ್ನು ಮಾತ್ರ ಹೇಳಿ ಕೆಟ್ಟದ್ದನ್ನು ಮುಚ್ಚಿಡುವುದು. ದೂರದ ನಗರದಲ್ಲಿ ಕೆಲಸ ಕಳೆದುಕೊಂಡ ಮಗ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನುತ್ತಾನೆ, ಹಳ್ಳಿಯಲ್ಲಿ ಬಿದ್ದು ಸೊಂಟ ನೋಯಿಸಿಕೊಂಡ ತಾಯಿಯೂ ಎಲ್ಲವೂ ಚೆನ್ನಾಗಿದೆ ಎನ್ನುತ್ತಾಳೆ. ಹಿರಿಯರಿಗೆ ಕ್ಯಾನ್ಸರ್ ತಗುಲಿದಾಗ ಅದನ್ನು ಅವರಿಂದಲೇ ಬಚ್ಚಿಟ್ಟು, ಆ ಅರಿವಿನ ಭಾರವನ್ನು ಮಕ್ಕಳೇ ಹೊರುವುದೂ ವ್ಯಾಪಕವಾದ ರೂಢಿ. ಲುಲು ವಾಂಗ್ ನಿರ್ದೇಶಿಸಿದ 2019ರ ‘ದಿ ಫೇರ್‌ವೆಲ್’ ಚಲನಚಿತ್ರ ಚಾಂಗ್‌ಚುನ್ ನಗರದ ಅಂಥದೊಂದು ಕುಟುಂಬವನ್ನೇ ವಸ್ತುವಾಗಿಸಿಕೊಂಡಿದೆ. ಪರಸ್ಪರರ ಕಾಳಜಿಯಿಂದಲೇ ಹುಟ್ಟಿದ ಈ ಮೌನವನ್ನು ಕೀಳಾಗಿ ಕಾಣುವಂತಿಲ್ಲ. ಆದರೆ ದುಃಖವನ್ನು ಹೇಳಿಕೊಳ್ಳಲು ಅತ್ಯಂತ ಹತ್ತಿರದವರೇ ಇಲ್ಲದಂತಾಗುವುದು ಖಿನ್ನತೆಗೆ ದಾರಿ ಮಾಡಿಕೊಡಬಲ್ಲದು. ಮನೋರೋಗದ ಬಗ್ಗೆ ಮಾತನಾಡುವುದೇ ಮನೆತನದ ಮಾನಕ್ಕೆ ಕುಂದು ಎಂದು ತಿಳಿಯುವಲ್ಲಿ ಚಿಕಿತ್ಸೆಯೂ ತಡವಾಗುತ್ತದೆ.

ಇಷ್ಟು ಹೊತ್ತು ಮಕ್ಕಳ ಮನಸ್ಸಿನ ಮಾತಾಯಿತು. ಭಕ್ತಿಯನ್ನು ಸ್ವೀಕರಿಸುವ ಹಿರಿಯರ ಸ್ಥಿತಿಯೂ ಅಷ್ಟೇ ಮುಖ್ಯ. ಮೆರಿಲ್ ಸಿಲ್ವರ್‌ಸ್ಟೈನ್, ಝೆನ್ ಕಾಂಗ್ ಮತ್ತು ಶುಝುವೊ ಲಿ ಆನ್‌ಹುಯಿ ಪ್ರಾಂತ್ಯದ ಹಳ್ಳಿಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಲೆಮಾರುಗಳ ಮನೆಯಲ್ಲಿರುವ ಹಿರಿಯರು ಮತ್ತು ಮಕ್ಕಳು ದುಡಿಯಲು ನಗರಕ್ಕೆ ಹೋದಾಗ ಮೊಮ್ಮಕ್ಕಳನ್ನು ಸಾಕುತ್ತಿರುವ ಹಿರಿಯರು, ಇತರರಿಗಿಂತ ಹೆಚ್ಚಿನ ಮಾನಸಿಕ ಸ್ವಾಸ್ಥ್ಯ ಹೊಂದಿದ್ದರು. ಮಕ್ಕಳು ಕಳುಹಿಸುವ ಹಣ ಮತ್ತು ಅವರೊಡನೆ ಇರುವ ಭಾವನಾತ್ಮಕ ಸಾಮೀಪ್ಯ ಎರಡೂ ಆ ನೆಮ್ಮದಿಯನ್ನು ಹೆಚ್ಚಿಸಿದ್ದವು. ಮಕ್ಕಳಿಂದ ದೂರವಿದ್ದರೂ ಮೊಮ್ಮಗುವಿನ ಹೊಣೆ ಹೊತ್ತ ಅಜ್ಜಿ ಒಂಟಿಯೆನಿಸಿಕೊಳ್ಳದಿರುವುದು ಯೋಚಿಸಬೇಕಾದ ಸಂಗತಿ. ಪಡೆಯುವುದರಿಂದ ಮಾತ್ರ ಮುಪ್ಪು ಹಗುರವಾಗದು, ಕೊಡುವ ಶಕ್ತಿ ತನ್ನಲ್ಲಿನ್ನೂ ಇದೆ, ತಾನು ಮನೆಗೆ ಬೇಕಾದವಳು ಎಂಬ ಅರಿವು ಅದಕ್ಕೆ ಬೇಕು.

ಈ ಚಿತ್ರದ ಕತ್ತಲ ಭಾಗವನ್ನು ಮಾನವಶಾಸ್ತ್ರಜ್ಞ ಯುನ್‌ಶಿಯಾಂಗ್ ಯಾನ್ ಹೆಲುಂಗ್‌ಜಿಯಾಂಗ್ ಪ್ರಾಂತ್ಯದ ಶಿಯಾಜಿಯಾ ಹಳ್ಳಿಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣಬಹುದು. ಮಗನ ಮದುವೆಗೆ ವಧುದಕ್ಷಿಣೆ ಕೊಟ್ಟು, ಹೊಸ ಮನೆ ಕಟ್ಟಿಸಿ ಬರಿಗೈಯಾದ ಹಿರಿಯರು, ಮನೆಯ ಯಜಮಾನಿಕೆ ಯುವ ಗಂಡಹೆಂಡಿರ ಕೈಗೆ ಹೋದ ಮೇಲೆ ಮಕ್ಕಳ ಮನೆಗಳಲ್ಲಿ ಬೇಡವಾದವರಂತೆ ಉಳಿದ ಪ್ರಕ್ರಿಯೆಯನ್ನು ಅವರು ವಿವರಿಸಿದ್ದಾರೆ. ಮುಪ್ಪಿಗೆ ಆಸರೆಯಾಗಲೆಂದೇ ಗಂಡುಮಕ್ಕಳನ್ನು ಸಾಕುವ ಸಮಾಜದಲ್ಲಿ, ಆ ಆಸರೆ ತಪ್ಪಿದಾಗ ಹೊಟ್ಟೆಯ ಹಸಿವಿಗಿಂತ ಅವಮಾನವೇ ಹೆಚ್ಚು ಸುಡುತ್ತದೆ. 1990ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಲಕ್ಷಕ್ಕೆ ಸುಮಾರು 23ರಷ್ಟಿದ್ದ ಆತ್ಮಹತ್ಯೆಯ ಪ್ರಮಾಣ ಮುಂದಿನ ವರ್ಷಗಳಲ್ಲಿ ಹತ್ತಕ್ಕಿಂತ ಕೆಳಗಿಳಿದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಗ್ರಾಮೀಣ ವೃದ್ಧರಲ್ಲಿ ಆ ಪ್ರಮಾಣ ಇತರ ವಯೋಮಾನದವರಿಗಿಂತ ಬಹಳ ಹೆಚ್ಚಾಗಿಯೇ ಮುಂದುವರಿದಿದೆ. ಪಿತೃಭಕ್ತಿಯ ನಾಡೆಂದು ಹೆಸರಾದ ದೇಶಕ್ಕೆ ಇದಕ್ಕಿಂತ ನೋವಿನ ಅಂಕಿಅಂಶ ಬೇರೆ ಇರಲಾರದು.

1980ರ ಸುಮಾರಿಗೆ ಜಾರಿಗೆ ಬಂದು 2015ರವರೆಗೆ ನಡೆದ ಒಂದೇ ಮಗುವಿನ ನೀತಿ ಈ ಸಂಬಂಧದ ಗಣಿತವನ್ನೇ ಬದಲಿಸಿತು. ಒಡಹುಟ್ಟಿದವರಿಲ್ಲದ ಗಂಡು, ಒಡಹುಟ್ಟಿದವರಿಲ್ಲದ ಹೆಣ್ಣು ಮದುವೆಯಾದಾಗ ಆ ಇಬ್ಬರ ಮೇಲೆ ನಾಲ್ವರು ಹಿರಿಯರೂ ಒಂದು ಮಗುವೂ ಆತುಕೊಳ್ಳುವ ‘ನಾಲ್ಕು–ಎರಡು–ಒಂದು’ ರಚನೆ ರೂಪುಗೊಂಡಿತು. 2020ರ ಜನಗಣತಿಯಲ್ಲಿ 60 ದಾಟಿದವರು 26.4 ಕೋಟಿಯಷ್ಟಿದ್ದರು, 2024ರ ಕೊನೆಗೆ ಅವರ ಸಂಖ್ಯೆ 31 ಕೋಟಿಯನ್ನು ಮುಟ್ಟಿ, ಜನಸಂಖ್ಯೆಯ ಶೇ. 22ರಷ್ಟಾಯಿತು. ಇದರ ನಡುವೆ ಒಂದು ಶುಭ ಬದಲಾವಣೆಯೂ ಸಂಭವಿಸಿದೆ. ಮದುವೆಯಾಗಿ ಹೋದ ಮಗಳು ಪರರ ಮನೆಯ ಸೊತ್ತು ಎಂಬ ಹಳೆಯ ಎಣಿಕೆ ನಗರಗಳಲ್ಲಿ ಸಡಿಲಗೊಂಡಿದ್ದು, ಯು ಶಿಯೆ ಮತ್ತು ಹೈಯಾನ್ ಝು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವಾಹಿತ ಹೆಣ್ಣುಮಕ್ಕಳು ಹೆತ್ತವರಿಗೆ ಗಂಡುಮಕ್ಕಳಿಗಿಂತ ಹೆಚ್ಚು ಹಣ ನೀಡುತ್ತಿದ್ದುದು ಕಂಡುಬಂದಿತು. ಶಾಸ್ತ್ರ ಮಗನಿಗೆ ವಿಧಿಸಿದ್ದನ್ನು ಮಗಳು ಯಾರೂ ವಿಧಿಸದೆ ನೆರವೇರಿಸುತ್ತಿದ್ದಾಳೆ ಎಂದರೆ ಪರಸ್ಪರ ಭಕ್ತಿಯ ಬಲ ಎಷ್ಟೆಂಬುದು ತಿಳಿಯುತ್ತದೆ. ಆದರೂ ಹಾಸಿಗೆ ಹಿಡಿದವರ ದಿನನಿತ್ಯದ ಸೇವೆ ಬಹುಪಾಲು ಸೊಸೆಯ ಅಥವಾ ಮಗಳ ಪಾಲಿಗೇ ಬೀಳುವುದರಿಂದ, ಭಕ್ತಿಯ ಹೊಗಳಿಕೆ ಗಂಡಿಗೂ ದುಡಿಮೆ ಹೆಣ್ಣಿಗೂ ಹಂಚಿಹೋಗಿರುವುದನ್ನು ಮರೆಯಬಾರದು.

ಹೊರೆ ಹೆಚ್ಚಿದಂತೆ ಸರ್ಕಾರ ಕಾನೂನಿನ ಮೊರೆ ಹೊಕ್ಕಿತು. ವಯಸ್ಕ ಮಕ್ಕಳು ಹೆತ್ತವರನ್ನು ಪೋಷಿಸಬೇಕೆಂದು 1982ರ ಸಂವಿಧಾನವೇ ಹೇಳುತ್ತದೆ. ವೃದ್ಧರ ಹಕ್ಕುಗಳ ರಕ್ಷಣೆಯ ಕಾನೂನಿಗೆ ಮಾಡಿದ ತಿದ್ದುಪಡಿ 2013ರ ಜುಲೈ 1ರಂದು ಜಾರಿಗೆ ಬಂದಾಗ, ದೂರವಿರುವ ಕುಟುಂಬದವರು ಹಿರಿಯರನ್ನು ಆಗಾಗ ಭೇಟಿಯಾಗಬೇಕು ಅಥವಾ ಕ್ಷೇಮ ವಿಚಾರಿಸಬೇಕು ಎಂಬ ನಿಯಮವೂ ಸೇರಿಕೊಂಡಿತು. ಅದೇ ದಿನ ಜಿಯಾಂಗ್ಸು ಪ್ರಾಂತ್ಯದ ವೂಶಿ ನಗರದ ನ್ಯಾಯಾಲಯವೊಂದು 77 ವರ್ಷದ ತಾಯಿಯನ್ನು ಎರಡು ತಿಂಗಳಿಗೊಮ್ಮೆಯಾದರೂ ನೋಡಿಬರುವಂತೆ ಮಗಳಿಗೂ ಅಳಿಯನಿಗೂ ಆದೇಶಿಸಿತು. ಸಿಂಗಪುರ 1995ರಲ್ಲಿಯೇ ಪೋಷಕರ ಜೀವನಾಂಶ ಕಾಯ್ದೆಯನ್ನು ಮಾಡಿತ್ತು. ಭಾರತವೂ 2007ರಲ್ಲಿ ಅಂಥದೇ ಕಾಯ್ದೆಯನ್ನು ತಂದಿರುವುದರಿಂದ ಕನ್ನಡ ಓದುಗರಿಗೆ ಇದು ಅಪರಿಚಿತವಲ್ಲ. ಜೀವನಾಂಶವನ್ನು ನ್ಯಾಯಾಲಯ ವಸೂಲು ಮಾಡಿಸಬಲ್ಲದು, ಹಸಿದ ವೃದ್ಧರಿಗೆ ಅದು ನಿಜವಾದ ರಕ್ಷಣೆ. ಆದರೆ ಆದೇಶದ ಮೇಲೆ ಬಂದು ಕೂತ ಮಗಳ ಭೇಟಿ ತಾಯಿಗೆ ಸಮಾಧಾನ ನೀಡುವುದು ಅಪರೂಪ. ಸಂಶೋಧನೆ ತೋರಿಸಿದ ಅಧಿಕಾರಮೂಲ ಭಕ್ತಿಯನ್ನು ಅಂಥ ಆದೇಶ ಕಾನೂನಿನ ಬಲದಿಂದ ಮರಳಿ ತರುತ್ತದೆ, ಅಷ್ಟೆ.

ಇದಕ್ಕಿಂತ ಫಲಕಾರಿಯಾದವು ಮಕ್ಕಳಿಗೆ ಸಮಯವನ್ನೂ ಹಣವನ್ನೂ ಒದಗಿಸುವ ಕ್ರಮಗಳು. 60 ದಾಟಿದ ಹೆತ್ತವರನ್ನು ಪೋಷಿಸುವವರಿಗೆ ತೆರಿಗೆಗೆ ಒಳಪಡುವ ಆದಾಯದಲ್ಲಿ ತಿಂಗಳಿಗೆ 2,000 ಯುವಾನ್ ಕಡಿತವನ್ನು 2019ರಲ್ಲಿ ನೀಡಿ, 2023ರಿಂದ ಅದನ್ನು 3,000ಕ್ಕೆ ಏರಿಸಲಾಗಿದೆ. ಹೆತ್ತವರು ಆಸ್ಪತ್ರೆ ಸೇರಿದಾಗ ಒಬ್ಬನೇ ಮಗ ಅಥವಾ ಒಬ್ಬಳೇ ಮಗಳಿಗೆ ಸಂಬಳಸಹಿತ ರಜೆ ಕೊಡುವ ನಿಯಮವನ್ನು ಹಲವು ಪ್ರಾಂತ್ಯಗಳು ಮಾಡಿವೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ, ರಜೆಯೆಂಬುದೇ ಇಲ್ಲದ ವಲಸೆ ಕಾರ್ಮಿಕರಿಗೆ ಇವೆರಡೂ ತಲುಪುವುದಿಲ್ಲ. ಅವರ ಹೆತ್ತವರು ನೆಚ್ಚಿಕೊಂಡಿರುವುದು 2009ರಲ್ಲಿ ತಿಂಗಳಿಗೆ 55 ಯುವಾನ್ ಮೂಲ ಮೊತ್ತದೊಂದಿಗೆ ಆರಂಭವಾದ ಗ್ರಾಮೀಣ ಪಿಂಚಣಿಯನ್ನು. 2024ರಲ್ಲಿ ಅದರ ಕನಿಷ್ಠ ಮೂಲ ಮೊತ್ತ 123 ಯುವಾನ್ ಆಯಿತು. ನಗರದ ನಿವೃತ್ತ ನೌಕರನ ಸರಾಸರಿ ಪಿಂಚಣಿ ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಮಕ್ಕಳ ಪ್ರೀತಿಯನ್ನು ಲೆಕ್ಕಕ್ಕೆ ಹಿಡಿದು ಪಿಂಚಣಿಯನ್ನು ಇಷ್ಟು ಕಡಿಮೆ ಇಡುವುದು ಆ ಪ್ರೀತಿಯ ಮೇಲೇ ತೆರಿಗೆ ಹಾಕಿದಂತೆ. ಚೀನಾ ಸರ್ಕಾರ ಹಿರಿಯರ ಮನಸ್ಸಿನ ನೆಮ್ಮದಿಗಾಗಿ ಏನನ್ನಾದರೂ ಮೊದಲು ಮಾಡಬೇಕಾಗಿದ್ದರೆ, ಹಳ್ಳಿಯ ವೃದ್ಧರ ಪಿಂಚಣಿಯನ್ನು ಬದುಕಲು ಸಾಕಾಗುವಷ್ಟು ಹೆಚ್ಚಿಸಬೇಕು.